ಆ್ಯಪ್ ಬಂದ್ ಆದರೆ ಫೋನ್ ಹ್ಯಾಕ್ ಆಗಿದೆಯೇ?

ನವಲಗುಂದದ ಹೊಲದಲ್ಲಿ ನಿಂತು ಹೆಸರು ಬೆಳೆಯ ಫೋಟೊ ತೆಗೆಯುವಾಗ ಆ್ಯಪ್ ತಟ್ಟನೆ ಮುಚ್ಚಿಕೊಂಡಿತು ಎಂದುಕೊಳ್ಳಿ. 'ಫೋನ್ ಹ್ಯಾಕ್ ಆಗಿದೆ, ಎಲ್ಲರಿಗೂ ತಿಳಿಸಿ' ಎಂಬ ಫಾರ್ವರ್ಡ್ ನಂಬುವ ಮುನ್ನ ಒಳಗೆ ಏನಾಗುತ್ತದೆ ನೋಡೋಣ.

ಆ್ಯಪ್ ತನ್ನದಲ್ಲದ ಮೆಮೊರಿಗೆ ಕೈಹಾಕಿದರೆ ಪ್ರೊಸೆಸರ್ ಅದನ್ನು ತಡೆದು, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಒಪ್ಪಿಸುತ್ತದೆ. ಇದಕ್ಕೆ ಎಕ್ಸೆಪ್ಶನ್ ಎನ್ನುತ್ತಾರೆ. ಕರ್ನಲ್ ಸಾಮಾನ್ಯವಾಗಿ ಆ ಆ್ಯಪ್ ಒಂದನ್ನೇ ಮುಚ್ಚಿ, ಫೋನನ್ನು ಉಳಿಸುತ್ತದೆ. ಅಂದರೆ ಇಲ್ಲಿ ಕಾವಲು ಕೆಲಸ ಮಾಡಿದೆ.

ಅದೇ ತಪ್ಪು ಕರ್ನಲ್‌ನೊಳಗೇ ಆದರೆ ಯಂತ್ರವೇ ನಿಲ್ಲಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತಿದ್ದು ಹೀಗೆಯೇ. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಪರದಾಟವಾಯಿತು. ಅದು ಸೈಬರ್ ದಾಳಿ ಆಗಿರಲಿಲ್ಲ.

ಹಾಗಾಗಿ ಎಕ್ಸೆಪ್ಶನ್ ನಿಭಾಯಿಸುವ ಕೋಡ್ ಗೋಜಲಾಗಿರಬಾರದು. 2020ರಲ್ಲಿ ಥಾಮಸ್ ಗ್ಲೈಕ್ಸ್ನರ್ ಮತ್ತು ಸಂಗಡಿಗರು ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಲಿನಕ್ಸ್‌ನಲ್ಲಿ ಈ ಭಾಗದ ಬಹಳಷ್ಟು ಅಸೆಂಬ್ಲಿ ಕೋಡನ್ನು ಓದಲು ಸುಲಭವಾದ ಸಿ ಭಾಷೆಗೆ ತಂದರು. ಆಂಡ್ರಾಯ್ಡ್ ನಿಂತಿರುವುದೂ ಲಿನಕ್ಸ್ ಮೇಲೆಯೇ. ಫೋನ್ ಪ್ರೊಸೆಸರ್‌ಗಳ ಭಾಗದಲ್ಲೂ ಇಂಥ ಕೆಲಸ ನಡೆದಿದೆ.

ಆ್ಯಪ್ ಪದೇ ಪದೇ ಮುಚ್ಚಿಕೊಂಡರೆ ಅಪ್‌ಡೇಟ್ ಮಾಡಿ. ಫಾರ್ವರ್ಡ್ ಜೊತೆ ಬರುವ 'ವೈರಸ್ ತೆಗೆಯುವ' ಎಪಿಕೆ ಫೈಲನ್ನು ಮಾತ್ರ ಹಾಕಿಕೊಳ್ಳಬೇಡಿ.