ಒಂದೇ ರೂಮಿನ ಕತ್ತಲೆ

ಹೋದ ತಿಂಗಳು ಒಂದು ಸಂಜೆ ಏಳು ಗಂಟೆ ಹೊತ್ತಿಗೆ ನಮ್ಮ ಮನೆಯ ಹಿಂದಿನ ರೂಮಿನಿಂದ "ತಾತಾ, ಕರೆಂಟ್ ಹೋಯ್ತು" ಎಂದು ಮೊಮ್ಮಗಳು ಕೂಗಿದಳು. ನಾನು ಹಾಲ್‌ನಲ್ಲಿ ಟಿವಿ ಮುಂದೆ ಕೂತಿದ್ದೆ. ಟಿವಿ ಓಡುತ್ತಿತ್ತು, ತಲೆಯ ಮೇಲೆ ಫ್ಯಾನೂ ತಿರುಗುತ್ತಿತ್ತು. "ಎಲ್ಲಮ್ಮ ಹೋಯ್ತು? ಇಲ್ಲೇ ಇದೆಯಲ್ಲ" ಎಂದೆ. ಎದ್ದು ಹೋಗಿ ನೋಡಿದರೆ ಅವಳ ರೂಮು ಮಾತ್ರ ಗವ್ವೆನ್ನುತ್ತಿತ್ತು.

ಮಾರನೆಯ ದಿನ ಅವಳಿಗೆ ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆ, ಅದರಲ್ಲೂ ಗಣಿತ. ಮಗ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವನು, ಇನ್ನೂ ಮಂಡ್ಯಕ್ಕೆ ಇಳಿದಿರಲಿಲ್ಲ. ಮನೆಯಲ್ಲಿದ್ದವರೆಲ್ಲ ಒಂದೊಂದು ಕಾರಣ ಹೇಳಿದರು. ನನ್ನಾಕೆ, "ಬಿಲ್ಲು ಕಟ್ಟಿದ್ದೀರಾ ಇಲ್ವಾ?" ಎಂದಳು. ಬಿಲ್ಲು ಕಟ್ಟದಿದ್ದರೆ ಇಡೀ ಮನೆ ಕತ್ತಲಾಗುತ್ತದೆಯೇ ಹೊರತು ಒಂದು ರೂಮನ್ನು ಆರಿಸಿ ಕತ್ತಲು ಮಾಡುವವರಿಲ್ಲ. ಚಿಕ್ಕ ಮೊಮ್ಮಗ ಬಲ್ಬು ಸುಟ್ಟಿದೆ ಎಂದ. ಫ್ಯಾನೂ ನಿಂತಿದೆಯಲ್ಲೋ ಎಂದು ಕೇಳಿದೆ. ಟ್ಯೂಬ್‌ಲೈಟು, ಫ್ಯಾನು, ಮೊಬೈಲ್ ಚಾರ್ಜರು ಮೂರೂ ಒಟ್ಟಿಗೇ ಸತ್ತಿವೆ ಎಂದರೆ ಕೆಟ್ಟಿರುವುದು ಆ ಮೂರರಲ್ಲಿ ಒಂದಲ್ಲ, ಮೂರಕ್ಕೂ ಕರೆಂಟ್ ತರುವ ದಾರಿ.

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದವನಿಗೆ ಇಂಥ ಹುಡುಕಾಟ ಹೊಸದೇನಲ್ಲ. ಕಂಪ್ಯೂಟರ್ ಬರುವ ಮುಂಚೆ ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ವ್ಯತ್ಯಾಸದ ಮೊತ್ತ ಒಂಬತ್ತರಿಂದ ಭಾಗವಾದರೆ ಯಾರೋ 54ನ್ನು 45 ಎಂದು ಬರೆದಿರಬಹುದೆಂದು ಮೊದಲು ಅದನ್ನೇ ಹುಡುಕುತ್ತಿದ್ದೆವು. (ಮಕ್ಕಳೇ, ಯಾವುದೇ ಎರಡಂಕಿಯ ಸಂಖ್ಯೆಯನ್ನು ತಿರುಗುಮುರುಗು ಮಾಡಿ ಕಳೆದು ನೋಡಿ.) ಅದೂ ಅಲ್ಲದಿದ್ದರೆ ವೋಚರುಗಳನ್ನು ಒಂದೊಂದಾಗಿ ಬದಿಗಿಟ್ಟು ಮೊದಲಿನಿಂದ ಕೂಡುವುದು.

ಮೀಟರಿನ ಪಕ್ಕದ ಎಂಸಿಬಿ ಪೆಟ್ಟಿಗೆ ತೆರೆದೆ. ಟಾರ್ಚು ಮೊಮ್ಮಗಳ ಕೈಯಲ್ಲಿ, ರಬ್ಬರ್ ಚಪ್ಪಲಿ ನನ್ನ ಕಾಲಲ್ಲಿ. ಚಿಕ್ಕವನನ್ನು ಅಜ್ಜಿಯ ಹತ್ತಿರ ಕಳಿಸಿದ್ದೆ. ಎಲ್ಲ ಗುಬುಟುಗಳೂ ಮೇಲೇ ಇದ್ದಂತೆ ಕಂಡಿತು. ಹತ್ತಿರದಿಂದ ನೋಡಿದರೆ ನಾಲ್ಕನೆಯದು ಅತ್ತ ಮೇಲೂ ಇಲ್ಲ, ಇತ್ತ ಕೆಳಗೂ ಇಲ್ಲ, ನಡುವೆ ನಿಂತಿತ್ತು. ಕೆಲವು ಎಂಸಿಬಿಗಳು ಟ್ರಿಪ್ ಆದಾಗ ಹೀಗೇ ನಿಲ್ಲುತ್ತವೆ. ಅದನ್ನು ಪೂರ್ತಿ ಕೆಳಕ್ಕೆ ಒತ್ತಿ ಆಮೇಲೆ ಮೇಲಕ್ಕೆತ್ತಬೇಕು. ಎತ್ತಿದೆ. ಟಪ್ ಎಂದು ಮತ್ತೆ ಬಿತ್ತು.

ಆ ಪುಟ್ಟ ಡಬ್ಬಿಯೊಳಗೆ ಎರಡು ಕಾವಲುಗಾರರಿದ್ದಾರೆ. ಒಂದು, ಎರಡು ಲೋಹ ಅಂಟಿಸಿದ ಪಟ್ಟಿ. ಹೆಚ್ಚು ಕರೆಂಟ್ ಹರಿದರೆ ಬಿಸಿಯಾಗಿ ನಿಧಾನಕ್ಕೆ ಬಾಗಿ ಸ್ವಿಚ್ ಬೀಳಿಸುತ್ತದೆ. ಇನ್ನೊಂದು ತಂತಿಯ ಸುರುಳಿ. ಶಾರ್ಟ್ ಆಗಿ ಕರೆಂಟ್ ಒಮ್ಮೆಲೇ ನುಗ್ಗಿದರೆ ಅಯಸ್ಕಾಂತವಾಗಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಬೀಳಿಸುತ್ತದೆ. ಹಾಕಿದ ಹತ್ತು ನಿಮಿಷಕ್ಕೆ ಬಿದ್ದರೆ ಹೊರೆ ಹೆಚ್ಚಾಗಿದೆ ಎಂದು ತಿಳಿಯಬಹುದು. ನಮ್ಮದು ಹಾಕಿದ ಕ್ಷಣವೇ ಬಿತ್ತು. ಎಲ್ಲೋ ಎರಡು ವೈರ್ ಒಂದಕ್ಕೊಂದು ಮುಟ್ಟಿಕೊಂಡಿವೆ.

ಅಷ್ಟರಲ್ಲಿ ಮದ್ದೂರಿನಿಂದ ನನ್ನ ಷಡ್ಡಕರ ಫೋನು. ದಿನಾ ಆ ಹೊತ್ತಿಗೆ ಮಾಡುತ್ತಾರೆ. ವಿಷಯ ಹೇಳಿದೆ. "ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ ಭಾವ? ನಮ್ಮನೇಲೂ ಹಂಗೇ ಬೀಳ್ತಿತ್ತು. 10 ಆಂಪಿಂದು ತೆಗೆದು 32ರದ್ದು ಹಾಕ್ಸಿಬಿಟ್ಟೆ. ಆರು ತಿಂಗಳಾಯ್ತು, ಒಂದ್ಸಲಾನೂ ಬಿದ್ದಿಲ್ಲ" ಎಂದರು.

ಫೋನು ಇಟ್ಟ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಏಕೆಂದರೆ ಅದೇ ಕೆಲಸವನ್ನು ನಾನೂ ಒಮ್ಮೆ ಮಾಡಿದ್ದೆ.

1981ರಲ್ಲಿ ನನಗೆ ಮಳವಳ್ಳಿಗೆ ವರ್ಗವಾಗಿತ್ತು. ಕರೆಂಟಿನ ವಿಷಯದಲ್ಲಿ ಆ ತಾಲ್ಲೂಕಿನವರಿಗೆ ಒಂದು ಹೆಮ್ಮೆಯುಂಟು, ಅದು ನ್ಯಾಯವಾದದ್ದೇ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೆಲಸ ಶುರುವಾಗಿ, ಅಲ್ಲಿನ ಶಿವನಸಮುದ್ರದಿಂದ 1902ರಲ್ಲೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು 1905ರಲ್ಲಿ. ಮದ್ದೂರು ತಾಲ್ಲೂಕಿನ ನಮ್ಮ ಹಳ್ಳಿಗೆ ಕಂಬ ಬಂದದ್ದು ಮಾತ್ರ ನಾನು ಹೈಸ್ಕೂಲಿನಲ್ಲಿದ್ದಾಗ. ಇರಲಿ.

ಮಳವಳ್ಳಿಯ ಬಾಡಿಗೆ ಮನೆಯಲ್ಲಿ ಪಿಂಗಾಣಿಯ ಫ್ಯೂಸ್ ಕ್ಯಾರಿಯರ್ ಇತ್ತು. ನಾವು ಸುರುಳಿಯ ಕರೆಂಟ್ ಒಲೆ ಹಚ್ಚಿದಾಗಲೆಲ್ಲ ಫ್ಯೂಸ್ ಹೋಗುತ್ತಿತ್ತು. ಕಾಫಿಗೆ ನೀರಿಟ್ಟು ಕತ್ತಲಲ್ಲಿ ಕೂರುವುದು ಯಾರಿಗೆ ಇಷ್ಟ? ಒಂದು ದಿನ ಹಳೇ ವೈರ್ ಸುಲಿದು, ತಾಮ್ರದ ನಾಲ್ಕೈದು ಎಳೆ ಹೊಸೆದು ಫ್ಯೂಸ್ ಕಟ್ಟಿಬಿಟ್ಟೆ. ಆಮೇಲೆ ಫ್ಯೂಸ್ ಹೋಗಲೇ ಇಲ್ಲ. ಬಹಳ ಜಾಣತನ ಮಾಡಿದೆನೆಂದು ಬ್ಯಾಂಕಿನಲ್ಲೂ ಹೇಳಿಕೊಂಡೆ. ಎರಡು ವಾರದ ಮೇಲೆ ಒಂದು ಬೆಳಗ್ಗೆ ರಬ್ಬರ್ ಸುಟ್ಟ ವಾಸನೆ ಬಂತು. ಗೋಡೆಯ ಮೇಲೆ ಮರದ ಪಟ್ಟಿಗೆ ಹೊಡೆದಿದ್ದ ವೈರು ಒಂದು ಗೇಣು ಉದ್ದಕ್ಕೆ ಕಪ್ಪಾಗಿ, ಪಟ್ಟಿಯಿಂದ ಹೊಗೆ ಏಳುತ್ತಿತ್ತು. ಅದರ ಕೆಳಗೆ ತೊಟ್ಟಿಲು, ತೊಟ್ಟಿಲಲ್ಲಿ ಒಂಬತ್ತು ತಿಂಗಳ ನನ್ನ ಮಗ. ನನ್ನಾಕೆ ಮಗುವನ್ನೆತ್ತಿಕೊಂಡು ಬೀದಿಗೆ ಓಡಿದಳು, ನಾನು ಮೇನ್ ಆಫ್ ಮಾಡಿದೆ. ಫ್ಯೂಸ್ ಸುಡಬೇಕಾದ ಕಡೆ ವೈರೇ ಸುಟ್ಟಿತ್ತು. ಆ ದಿನ ನನ್ನಾಕೆ ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಾಗಿತ್ತು.

ಆ ಮಗುವಿನ ಮಗಳೇ ಈಗ ನನ್ನ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದಳು. ಎಂಸಿಬಿ ಕೆಳಗಿಳಿಸಿ, ಇಬ್ಬರೂ ಅವಳ ರೂಮಿಗೆ ಹೋಗಿ ಚಾರ್ಜರು, ಟೇಬಲ್ ಲ್ಯಾಂಪು, ಇಸ್ತ್ರಿಪೆಟ್ಟಿಗೆ ಎಲ್ಲದರ ಪ್ಲಗ್ ಕಿತ್ತೆವು. ಗೋಡೆಯ ಸ್ವಿಚ್‌ಗಳನ್ನೆಲ್ಲ ಆರಿಸಿದೆವು. ಒಂದೊಂದಾಗಿ ಹಾಕುತ್ತ ಬಂದರೆ ಕಳ್ಳ ಸಿಗುತ್ತಾನೆ ಎಂಬ ಲೆಕ್ಕ. ವಾಪಸ್ ಬಂದು ಎಂಸಿಬಿ ಎತ್ತಿದೆ. ಟಪ್!

ಏನೂ ಹಾಕಿಲ್ಲದಿದ್ದರೂ ಬೀಳುತ್ತದೆ ಎಂದರೆ ತಪ್ಪು ಗೋಡೆಯೊಳಗಿನ ವೈರಿನಲ್ಲಿದೆ. ಅಲ್ಲಿಗೆ ನಮ್ಮಂಥವರ ಕೆಲಸ ಮುಗಿಯಿತು. ಮೂರನೇ ಸಲ ಎತ್ತಿ ನೋಡುವ ಚಪಲ ನನಗೂ ಬಂತು, ಸುಳ್ಳೇಕೆ ಹೇಳಲಿ? ಆದರೆ ಶಾರ್ಟ್ ಇರುವಾಗ ಮತ್ತೆ ಮತ್ತೆ ಎತ್ತಿದರೆ ಪ್ರತಿ ಸಲವೂ ಆ ಜಾಗದಲ್ಲಿ ಕಿಡಿ ಹಾರುತ್ತದೆ. ಗುಬುಟನ್ನು ಬೆರಳಲ್ಲಿ ಒತ್ತಿ ಹಿಡಿದರೂ ಉಪಯೋಗವಿಲ್ಲ, ಒಳಗಿನ ಯಂತ್ರ ತನ್ನ ಪಾಡಿಗೆ ಬಿಟ್ಟುಕೊಳ್ಳುತ್ತದೆ. ಆ ಒಂದು ಎಂಸಿಬಿಯನ್ನು ಕೆಳಗೇ ಬಿಟ್ಟು, ಮೇಲೆ ಚೀಟಿ ಅಂಟಿಸಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಬೆಳಗ್ಗೆ ಬರುತ್ತೇನೆಂದ. ಮೊಮ್ಮಗಳ ಪುಸ್ತಕಗಳು ಹಾಲ್‌ಗೆ ಬಂದವು. ಟಿವಿ ಆರಿತು, ಜೊತೆಗೆ ನನ್ನಾಕೆಯ ಧಾರಾವಾಹಿಯೂ ಹೋಯಿತು.

ಅವಳು ಲೆಕ್ಕ ಬಿಡಿಸುತ್ತಿದ್ದವಳು ತಲೆಯೆತ್ತಿ, "ತಾತ, ಕರೆಂಟ್ ಹೋದಾಗ ನಾನು ಏನೂ ಮುಟ್ಟಿರ್ಲಿಲ್ಲ. ಬೇರೆ ಯಾರಾದ್ರೂ ಏನಾದ್ರೂ ಮಾಡಿದ್ರಾ?" ಎಂದಳು. ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಅಡುಗೆಮನೆಯಿಂದ ಸೊಸೆ, "ನಾನೇನೂ ಮಾಡ್ಲಿಲ್ಲಪ್ಪ. ಬಟ್ಟೆ ತೆಗೆಯೋಕೆ ಅಂತ ಹಿತ್ತಿಲ ಲೈಟ್ ಹಾಕ್ದೆ, ಅದೂ ಹತ್ತಲಿಲ್ಲ. ಬಲ್ಬ್ ಹೋಗಿದೆ ಅಂತ ಹಂಗೇ ಬಂದೆ" ಎಂದಳು.

ಹಿತ್ತಿಲ ದೀಪದ ಸ್ವಿಚ್ ಇರುವುದು ಹಿಂಬಾಗಿಲ ಪಕ್ಕದಲ್ಲಿ. ಆದರೆ ಬಟ್ಟೆ ಒಗೆಯುವ ಕಲ್ಲು ಹಾಕಿಸಿದ ವರ್ಷ ಆ ದೀಪಕ್ಕೆ ಕರೆಂಟ್ ಎಳೆದದ್ದು ಗೋಡೆಯ ಆ ಕಡೆಯ ಇದೇ ರೂಮಿನ ಬೋರ್ಡಿನಿಂದ. ನನಗೆ ಮರೆತೇ ಹೋಗಿತ್ತು. ನಾವು ಒಂದು ಸೆಕ್ಷನ್ನಿನ ವೋಚರೆಲ್ಲ ತಿರುವಿ ಹಾಕುತ್ತಿದ್ದೆವು, ತಪ್ಪು ವೋಚರ್ ಪಕ್ಕದ ಸೆಕ್ಷನ್ನಿನಲ್ಲಿ ಕೂತಿತ್ತು. ಸೊಸೆ ಆ ಸ್ವಿಚ್ಚನ್ನು ಆರಿಸಿಯೂ ಇರಲಿಲ್ಲ. ಅದನ್ನು ಆರಿಸಿ ಎಂಸಿಬಿ ಎತ್ತಿದೆ. ನಿಂತಿತು! ರೂಮು ಬೆಳಕಾಯಿತು. ಹಿತ್ತಿಲ ಸ್ವಿಚ್ಚನ್ನು ಯಾರೂ ಮುಟ್ಟದಂತೆ ಅದರ ಮೇಲೊಂದು ಚೀಟಿ ಅಂಟಿಸಿದೆ.

ಬೆಳಗ್ಗೆ ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ ಹಿತ್ತಿಲಿಗೆ ಹೋದ. ದೀಪದ ಕಬ್ಬಿಣದ ಬ್ರಾಕೆಟ್ಟನ್ನು ಸ್ವಲ್ಪ ಹೊತ್ತು ನೋಡಿ, "ಸಾ, ಈ ತಂತಿ ಯಾರ್ ಕಟ್ಟಿದ್ದು?" ಎಂದು ಕೇಳಿದ.

ಬಟ್ಟೆ ಒಣಗಿಸುವ ತಂತಿ. ಒಂದು ತುದಿ ತೆಂಗಿನಮರಕ್ಕೆ, ಇನ್ನೊಂದು ತುದಿ ಆ ಬ್ರಾಕೆಟ್ಟಿಗೆ. ದೀಪಾವಳಿಯ ಹೊತ್ತಿಗೆ ಗೂಟ ಮುರಿದಿತ್ತೆಂದು ಕಟ್ಟಿದವನು ನಾನೇ.

"ಒದ್ದೆ ಬೆಡ್‌ಶೀಟ್ ಭಾರುಕ್ಕೆ ಬ್ರಾಕೆಟ್ ಬಗ್ಗೋಗೈತೆ. ಅದ್ರ ಅಂಚು ವೈರ್ ಕುಯ್ದೈತೆ. ಪುಣ್ಯ ಮಾಡಿದ್ರಿ ಬುಡಿ ಸಾ, ಎರಡು ವೈರೂ ಒಟ್ಗೇ ಸುಲ್ಕೊಂಡು ಒಂದಕ್ಕೊಂದು ತಗುಲ್ಬುಟ್ಟವೆ, ಅದುಕ್ಕೇ ಟ್ರಿಪ್ ಆಗೈತೆ. ಫೇಸ್ ಒಂದೇ ತಗುಲಿದ್ರೆ ಬೀಳ್ತಿರ್ಲಿಲ್ಲ. ತಂತಿಗೆಲ್ಲ ಕರೆಂಟ್ ಬರ್ತಿತ್ತು."

ಅವನು ಹೇಳಿದ್ದರ ಅರ್ಥ ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. 10 ಆಂಪಿನ ಎಂಸಿಬಿ ಬೀಳಬೇಕಾದರೆ 10 ಆಂಪಿಗಿಂತ ಹೆಚ್ಚು ಹರಿಯಬೇಕು. ಒದ್ದೆ ಕೈಯಲ್ಲಿ ತಂತಿ ಮುಟ್ಟಿದವರ ಮೈಯಲ್ಲಿ ಅದರ ನೂರರಲ್ಲೊಂದು ಪಾಲು ಹರಿದರೂ ಪ್ರಾಣಕ್ಕೆ ಅಪಾಯ. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಸೊಸೆ ದೀಪದ ಸ್ವಿಚ್ ಹಾಕಿ ಬಟ್ಟೆ ತೆಗೆಯುವುದು ದಿನದ ಕೆಲಸ. ನಾನು ಒಗೆಯುವ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತೆ.

ಸೋರುವ ಕರೆಂಟನ್ನು ಹಿಡಿಯುವ ಸಾಧನ ಬೇರೆ ಇದೆ, ಆರ್‌ಸಿಸಿಬಿ ಎನ್ನುತ್ತಾರೆ. ಒಂದು ವೈರಿನಲ್ಲಿ ಹೋದ ಕರೆಂಟ್ ಇನ್ನೊಂದರಲ್ಲಿ ಅಷ್ಟೇ ವಾಪಸ್ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. ಜಮಾ, ಖರ್ಚು ಸರಿಹೊಂದದಿದ್ದರೆ ತಕ್ಷಣ ಮುಚ್ಚಿಬಿಡುತ್ತದೆ. ಮನೆಗೆ 30 ಮಿಲಿಆಂಪಿನದು ಹಾಕುತ್ತಾರೆ. ನಮ್ಮ ಹಳೇ ಮನೆಯಲ್ಲಿ ಅದು ಇರಲಿಲ್ಲ, ಅಂದೇ ಹಾಕಿಸಿದೆ. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ಬೀಳುತ್ತದೆಯೇ ಎಂದು ನೋಡುವ ಕೆಲಸ ಮೊಮ್ಮಗಳದು. ಬಟ್ಟೆಗೆ ಈಗ ನೈಲಾನ್ ಹಗ್ಗ, ಎರಡು ಕಡೆಯೂ ಮರದ ಗೂಟ.

ನಿಮ್ಮ ಮನೆಯಲ್ಲಿ ಒಂದು ರೂಮು ಕತ್ತಲಾಗಿ, ಎಂಸಿಬಿ ಮಾತ್ರ ಬೀಳದೆ ಇದ್ದರೆ ಅದು ಬೇರೆ ಕಥೆ. ಎಲ್ಲೋ ಒಂದು ತುದಿ ಸಡಿಲವಾಗಿರುತ್ತದೆ, ಹಲವು ಸಲ ನ್ಯೂಟ್ರಲ್. ಆಗ ಟೆಸ್ಟರ್ ಉರಿಯುತ್ತದೆ, ದೀಪ ಉರಿಯುವುದಿಲ್ಲ. ದೀಪ ಹತ್ತಿಲ್ಲವೆಂದು ಕರೆಂಟ್ ಇಲ್ಲ ಎಂದುಕೊಂಡು ಬೋರ್ಡ್ ಬಿಚ್ಚಬೇಡಿ. ಬೋರ್ಡ್ ಬೆಚ್ಚಗಿದ್ದರೆ, ಸುಟ್ಟ ವಾಸನೆ ಬಂದರೆ ಹುಡುಕಾಟವೂ ಬೇಡ, ಮೇನ್ ಆರಿಸಿ ಬಲ್ಲವರನ್ನು ಕರೆಯಿರಿ.

ಮುಂದಿನ ಭಾನುವಾರ ಎಲೆಕ್ಟ್ರಿಷಿಯನ್ನನ್ನೂ ಕರೆದುಕೊಂಡು ಮದ್ದೂರಿಗೆ ಹೋದೆ. ಷಡ್ಡಕರಿಗೆ ಮೊದಲು ಸಿಟ್ಟು ಬಂತು. ಪೆಟ್ಟಿಗೆ ತೆಗೆಸಿ ನೋಡಿದರೆ 32 ಆಂಪಿನ ಎಂಸಿಬಿಯಿಂದ ಹೊರಟಿದ್ದದ್ದು ದೀಪಕ್ಕೆ ಹಾಕುವ 1 ಚದರ ಮಿಲಿಮೀಟರಿನ ತೆಳು ವೈರು, ಅದರ ಕೊನೆಯಲ್ಲಿ ನೀರು ಕಾಯಿಸುವ ಕಾಯಿಲ್. ವೈರಿನ ಹೊದಿಕೆ ಆಗಲೇ ಗಟ್ಟಿಯಾಗಿ ಬೆರಳಿಗೆ ಪುಡಿಪುಡಿಯಾಗುತ್ತಿತ್ತು. ಅವರಿಗೆ ಮಳವಳ್ಳಿಯ ತೊಟ್ಟಿಲಿನ ವಿಷಯ ಹೇಳಿದೆ. ಇಷ್ಟು ವರ್ಷ ಅದನ್ನು ಹೊರಗಿನವರಿಗೆ ಹೇಳಿರಲಿಲ್ಲ. ಅವರು ಏನೂ ಮಾತಾಡದೆ ಒಳಗೆ ಹೋಗಿ ದುಡ್ಡು ತಂದು, "ಹಳೇದೇ 10ರದ್ದು ಹಾಕಪ್ಪ, ಕಾಯಿಲ್‌ಗೆ ಬೇರೆ ದಪ್ಪ ವೈರ್ ಎಳಿ" ಎಂದು ಎಲೆಕ್ಟ್ರಿಷಿಯನ್‌ಗೆ ಕೊಟ್ಟರು.

ಪರೀಕ್ಷೆ ಮುಗಿದ ಮೇಲೆ ಮೊಮ್ಮಗಳೂ ನಾನೂ ಕೂತು ನಮ್ಮ ಪೆಟ್ಟಿಗೆಗೆ ಒಂದು ಪಟ್ಟಿ ಮಾಡಿದೆವು. ನಾನು ಒಂದೊಂದೇ ಎಂಸಿಬಿ ಇಳಿಸುವುದು, ಅವಳು ಮನೆಯೆಲ್ಲ ಓಡಾಡಿ ಯಾವುದು ಆರಿತು ಎಂದು ಬರೆದುಕೊಳ್ಳುವುದು. ನಾಲ್ಕನೆಯದರ ಮುಂದೆ "ನನ್ನ ರೂಮು ಮತ್ತು ಹಿತ್ತಿಲ ಲೈಟ್" ಎಂದು ದುಂಡಗೆ ಬರೆದಿದ್ದಾಳೆ. ಆರನೆಯದನ್ನು ಇಳಿಸಿದರೆ ಏನೂ ಆರುವುದಿಲ್ಲ. ಅದರ ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದಾಳೆ. ಎಲೆಕ್ಟ್ರಿಷಿಯನ್ ಈ ಶನಿವಾರ ಬಂದು ನೋಡುತ್ತೇನೆಂದು ಹೇಳಿದ್ದಾನೆ.