ಕೋಸು ಬೆಳೆಯಲು ನೆಲ ಬೇಡವೇ?

ತರಕಾರಿಯ ಬೆಲೆ ಏರಿದಾಗಲೆಲ್ಲ ಉಳ್ಳವರ ಬಾಯಿಂದ ಒಂದು ಉಪದೇಶ ಹೊರಡುವುದುಂಟು: "ಮನೆಯಂಗಳದಲ್ಲಿ ನೀವೇ ಬೆಳೆದುಕೊಳ್ಳಿ." ಅಂಗಳವೇ ಇಲ್ಲದವನು ಎಲ್ಲಿ ಬೆಳೆಯಬೇಕೆಂಬುದನ್ನು ಮಾತ್ರ ಈ ಮಹನೀಯರು ಹೇಳುವುದಿಲ್ಲ. ಅದಕ್ಕೆ ಉತ್ತರ ಬೇಕಾದವರು ಕೆಂಪು ಕೋಸಿನ ಸಂಗತಿಯನ್ನು ತಿಳಿಯುವುದು ಒಳ್ಳೆಯದು.

ನಮ್ಮಲ್ಲಿ ಕೆಂಪು ಕೋಸೆಂದರೆ ದೊಡ್ಡ ಹೋಟೆಲಿನ ತಟ್ಟೆಯ ಅಲಂಕಾರ. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಾದರೋ ಅದು ಗಿರಣಿ ಕೆಲಸಗಾರರ ಮನೆಯ ಪದಾರ್ಥ. ಕುರಿಮಾಂಸ, ಈರುಳ್ಳಿಗಳ ಮೇಲೆ ಆಲೂಗಡ್ಡೆಯ ಹೋಳು ಜೋಡಿಸಿ ಸಣ್ಣ ಉರಿಯಲ್ಲಿ ಬೇಯಿಸುವ 'ಹಾಟ್‌ಪಾಟ್' ಅಲ್ಲಿಯ ಹೆಸರಾಂತ ಊಟ. ಅದಕ್ಕೆ ನಂಚಿಕೊಳ್ಳಲು ಕೆಂಪು ಕೋಸಿನ ಉಪ್ಪಿನಕಾಯಿ. ಸಣ್ಣಗೆ ಹೆಚ್ಚಿದ ಕೋಸನ್ನು ಉಪ್ಪಿನಲ್ಲಿ ಒಂದು ರಾತ್ರಿ ಇಟ್ಟು, ತೊಳೆದು ಬಸಿದು, ಮಸಾಲೆ ಹಾಕಿದ ವಿನೆಗರಿನಲ್ಲಿ ಮುಳುಗಿಸಿದರೆ ಆಯಿತು.

ಲ್ಯಾಂಕಶೈರ್ ನಮಗೆ ಅಪರಿಚಿತವಲ್ಲ. ನಮ್ಮ ನೇಕಾರನ ಅನ್ನ ಕಸಿದದ್ದು ಅಲ್ಲಿಯ ಬಟ್ಟೆ. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಡಾರ್ವೆನ್ನಿಗೆ ಹೋಗಿ ಮಾತನಾಡಿಸಿದ್ದು ಅಲ್ಲಿಯ ನಿರುದ್ಯೋಗಿ ಕಾರ್ಮಿಕರನ್ನು. ಒಂದಕ್ಕೊಂದು ಅಂಟಿದ ಇಟ್ಟಿಗೆ ಮನೆಗಳ ಸಾಲಿನಲ್ಲಿದ್ದ ಆ ಜನಕ್ಕೆ ತೋಟವೆಲ್ಲಿಂದ ಬರಬೇಕು?

ತೋಟ ಬಂದದ್ದು ಕಾನೂನಿನಿಂದ. ಸ್ಥಳೀಯ ಸಭೆಗಳು ಗೇಣಿಗೆ ಕೊಡುವ ತುಂಡುನೆಲಕ್ಕೆ ಅಲ್ಲಿ 'ಅಲಾಟ್‌ಮೆಂಟ್' ಎಂದು ಹೆಸರು. 1908ರ ಶಾಸನದ ಪ್ರಕಾರ ಆರು ಮಂದಿ ಮತದಾರರು ಬರೆದು ಕೇಳಿದರೆ ಸಭೆ ಅದನ್ನು ಪರಿಶೀಲಿಸಲೇಬೇಕು. ಬೇಡಿಕೆ ಇದ್ದಲ್ಲಿ ನೆಲ ಒದಗಿಸುವುದು ಅದರ ಕರ್ತವ್ಯ. ರೂಢಿಯ ಅಳತೆ 10 ರಾಡ್, ಅಂದರೆ ನಮ್ಮ ಎರಡೂವರೆ ಗುಂಟೆ. ಇದಕ್ಕೆಂದೇ ಕೊಂಡ ನೆಲವನ್ನು ಸರ್ಕಾರದ ಒಪ್ಪಿಗೆಯಿಲ್ಲದೆ ಸಭೆ ಮಾರುವಂತಿಲ್ಲವೆಂದು 1925ರ ಶಾಸನ ಕಟ್ಟುಮಾಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಇಂಥ ತುಂಡುಗಳು ಸುಮಾರು 14 ಲಕ್ಷವಿದ್ದವು. ಗಿರಣಿಗಳು ಮುಚ್ಚಿಹೋದವು, ತುಂಡುನೆಲಗಳಲ್ಲಿ ಇಂದಿಗೂ ಕೋಸು ಬೆಳೆಯುತ್ತಿದೆ.

ನೆಲವೊಂದು ಸಿಕ್ಕರೆ ಬೆಳೆಯುವುದರಲ್ಲಿ ಗುಟ್ಟೇನಿಲ್ಲ. ಅಲ್ಲಿ ಮಾರ್ಚ್–ಏಪ್ರಿಲಿನಲ್ಲಿ ಬಿತ್ತುತ್ತಾರೆ. ನಮ್ಮ ಸೀಮೆಗೆ ಸೆಪ್ಟೆಂಬರ್–ಅಕ್ಟೋಬರ್ ತಕ್ಕ ಕಾಲ. ನಾಲ್ಕೈದು ವಾರದ ಸಸಿಯನ್ನು ಒಂದೂವರೆ ಅಡಿಗೊಂದರಂತೆ ನೆಟ್ಟು, ಬುಡದ ಮಣ್ಣನ್ನು ಗಟ್ಟಿಯಾಗಿ ತುಳಿಯಬೇಕು. ಹಸಿರು ಕೋಸಿಗಿಂತ ಇದು ನಿಧಾನ, ಅವಸರ ಸಲ್ಲದು. ಎಲೆ ತಿನ್ನುವ ಹುಳುವಿಗೆ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತೋರಿಸಿದ ಉಪಾಯವುಂಟು: ನಾಟಿಗೆ 15 ದಿನ ಮುಂಚೆ ಪಕ್ಕದಲ್ಲಿ ಸಾಸಿವೆಯ ಸಾಲು ಬಿತ್ತುವುದು. ಪತಂಗ ಸಾಸಿವೆಗೆ ಒಲಿದು ಮೊಟ್ಟೆಯನ್ನು ಅಲ್ಲೇ ಇಡುತ್ತದೆ. ಬೇವಿನ ಬೀಜದ ಕಷಾಯವೂ ಒಳ್ಳೆಯದೇ. ಬೇಯಿಸುವಾಗ ಒಂದಿಷ್ಟು ಹುಳಿ ಹಿಂಡಲು ಮರೆಯಬಾರದು. ಹುಳಿಯಿಲ್ಲದೆ ಗಡಸು ನೀರಿನಲ್ಲಿ ಬೆಂದರೆ ಕೆಂಪೆಲ್ಲ ನೀಲಿಯಾಗುತ್ತದೆ.

ಕಾಯಿಪಲ್ಲೆಯ ವ್ಯಾಪಾರಿಗೆ ಇದರಿಂದ ಪೆಟ್ಟಲ್ಲವೇ ಎಂದು ಕೇಳುವವರಿದ್ದಾರೆ. ಎರಡೂವರೆ ಗುಂಟೆಯಿಂದ ಒಂದು ಸಂಸಾರದ ಪೂರ್ತಿ ಅಡಿಗೆ ನಡೆಯುವುದಿಲ್ಲ. ಕೂಲಿಯಲ್ಲಿ ಉಳಿದ ನಾಲ್ಕು ಕಾಸು ಬೆಳ್ಳಿಯ ಗಟ್ಟಿಯಾಗಿ ಪೆಟ್ಟಿಗೆ ಸೇರುವುದೂ ಇಲ್ಲ. ಎಣ್ಣೆ, ಬೇಳೆ, ಮಕ್ಕಳ ಅಂಗಿಗೆಂದು ಅದೇ ಬೀದಿಯ ಅಂಗಡಿಗೆ ಬರುತ್ತದೆ. ಸಣ್ಣ ವ್ಯಾಪಾರಿಯ ಗಿರಾಕಿ ಕೂಲಿಕಾರನೇ ಹೊರತು ಬಂಗಲೆಯವನಲ್ಲ.

ಹುಳುವಿಗೆ ಸಾಸಿವೆ ಉಂಟು, ನೆಲಗಳ್ಳರಿಗೆ ಏನುಂಟು? ಊರ ಅಂಚಿನ ಸಾರ್ವಜನಿಕ ನೆಲ ಒತ್ತುವರಿಗೆ ಸಿಕ್ಕುತ್ತಿರುವಾಗ ಬಾಡಿಗೆ ಕೋಣೆಯಲ್ಲಿರುವವನಿಗೆ ಕೈತೋಟದ ಪಾಠ ಹೇಳುವುದು ಅಪಹಾಸ್ಯವಲ್ಲದೆ ಇನ್ನೇನು? ಕೇಳಿದವರಿಗೆ ಗೇಣಿಯ ತುಂಡುನೆಲ ಕೊಡುವ ಹೊಣೆಯನ್ನು ಕಾನೂನು ನಮ್ಮ ಪುರಸಭೆಗಳ ಮೇಲೂ ಹೊರಿಸಬೇಕು. ಅಲ್ಲಿ ಆರು ಸಹಿ ಸಾಕಾಯಿತು. ಇಲ್ಲಿ ಅರುವತ್ತು ಬೇಕೆಂದರೆ ಅರುವತ್ತು, ಆರುನೂರು ಬೇಕೆಂದರೆ ಆರುನೂರು ಹಾಕಲು ನಮ್ಮ ಜನ ಸಿದ್ಧರಿದ್ದಾರೆ. ವಾರ್ಡಿಗೊಂದು ಅರ್ಜಿಯಂತೆ ಈಗಲೇ ಕೆಲಸ ಮೊದಲಾಗಲಿ.