ಹರಾಜಿನ ಚೀಟಿ ಕಾಣುತ್ತೆ, ಸೈಟಿನ ಕಡತ ಕಾಣಲ್ಲ

ಕಟ್ಟೆಮಳಲವಾಡಿ: ಇಲ್ಲಿನ ಹರಾಜು ಮಾರುಕಟ್ಟೆಗೆ ಬರುವ ತಂಬಾಕಿನ ಪ್ರತಿ ಬೇಲ್‌ಗೂ ಒಂದು ಚೀಟಿ. ದರ್ಜೆ ಯಾವುದು, ದರ ಎಷ್ಟು, ಕೊಂಡವರಾರು, ಎಲ್ಲಾ ಹತ್ತು ಜನರ ಎದುರಿಗೇ. ದರ ಬಿದ್ದರೆ ರೈತರು ಕೂಗಾಡ್ತಾರೆ, ಹರಾಜನ್ನೇ ನಿಲ್ಲಿಸ್ತಾರೆ. ಅದೇ ರೈತ ಬಸ್ ಹತ್ತಿ ಮೈಸೂರಿಗೆ ಹೋಗಿ ಮಗನಿಗೊಂದು ಸೈಟು ಬೇಕೂಂತ ಅರ್ಜಿ ಹಾಕಿದನೋ, ಬಾಯಿ ಬಂದ್. ಕೂಗಾಡೋಕೆ ಅಲ್ಲಿ ಚೀಟಿಯೇ ಕಾಣದಲ್ಲ!

ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಜನರ ಬಾಯಿನ ಮುಡಾ, 2020ರಲ್ಲಿ 50:50 ಲೆಕ್ಕ ತಂದಿತು. ಸ್ವಾಧೀನವಿಲ್ಲದೆ ನೆಲ ಹೋದವನಿಗೆ ಅಭಿವೃದ್ಧಿಯಾದ ಜಾಗದಲ್ಲಿ ಅರ್ಧ ಕೊಡುವುದು. ಕಾಗದದ ಮೇಲೆ ನ್ಯಾಯವೇ. ಆದರೆ ಕೊಡೋದು ಎಲ್ಲಿ? ಕೆಸರೆಯಲ್ಲಿ ಹೋದ ನೆಲಕ್ಕೆ ಕೆಸರೆಯ ಸೈಟೋ, ವಿಜಯನಗರದ ಸೈಟೋ? ಹುಣಸೂರು ರಸ್ತೆಯಲ್ಲಿ ದಿನಾ ಓಡಾಡೋರಿಗೆ ಆ ಬೆಲೆಯ ಅಂತರ ಬಿಡಿಸಿ ಹೇಳಬೇಕಿಲ್ಲ.

ಮುಖ್ಯಮಂತ್ರಿ ಸಿದ್ದರಾಮಯ್ಯನವರ ಪತ್ನಿ ಪಾರ್ವತಿಯವರಿಗೆ ಕೆಸರೆಯ 3 ಎಕರೆ 16 ಗುಂಟೆಗೆ ಬದಲಾಗಿ ವಿಜಯನಗರದಲ್ಲಿ 14 ಸೈಟು ಸಿಕ್ಕಿದ್ದು ಈ ಲೆಕ್ಕದಲ್ಲೇ. 2024ರ ಆಗಸ್ಟ್‌ನಲ್ಲಿ ತನಿಖೆಗೆ ರಾಜ್ಯಪಾಲರ ಅನುಮತಿ, ಸೆಪ್ಟೆಂಬರಿನಲ್ಲಿ ಅದನ್ನು ಎತ್ತಿಹಿಡಿದ ಹೈಕೋರ್ಟು, ಹಿಂದೆಯೇ ಲೋಕಾಯುಕ್ತ ಕೇಸು, ಅಕ್ಟೋಬರಿನಲ್ಲಿ ಸೈಟು ವಾಪಸ್. 2025ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯ ಸಾಲದು ಎಂದರು. ನ್ಯಾಯಮೂರ್ತಿ ಪಿ.ಎನ್. ದೇಸಾಯಿ ಆಯೋಗವೂ ಕುಟುಂಬದ ತಪ್ಪಿಲ್ಲ ಎಂದಿತು, ಕೆಲವು ಅಧಿಕಾರಿಗಳ ಮೇಲೆ ಕ್ರಮ ಆಗಲಿ ಎಂದಿತು.

ಅಲ್ಲೇ ಇರೋದು ಗಂಟು. ಸಹಿ ಹಾಕಿದವರ ಕಥೆ ಕೇಳಿ. ಆಯುಕ್ತರಾಗಿದ್ದ ಜಿ.ಟಿ. ದಿನೇಶ್ ಕುಮಾರ್ ಅವರನ್ನು ಗಲಾಟೆಯ ನಡುವೆ ಮುಡಾದಿಂದ ಎತ್ತಿದ ಸರ್ಕಾರ, ಒಯ್ದು ಕೂರಿಸಿದ್ದು ಹಾವೇರಿ ವಿಶ್ವವಿದ್ಯಾಲಯದ ಕುಲಸಚಿವರ ಕುರ್ಚಿಯಲ್ಲಿ! ಜನ ಛೀಮಾರಿ ಹಾಕಿದ ಮೇಲೆ ಅಮಾನತು. 2025ರ ಸೆಪ್ಟೆಂಬರಿನಲ್ಲಿ ಇ.ಡಿ. ಬಂಧಿಸಿತು. ಬಂಧನ ಆದ ಮಾತ್ರಕ್ಕೆ ತಪ್ಪು ಸಾಬೀತಾಯ್ತು ಅಂತಲ್ಲ, ಅದು ಕೋರ್ಟಿನ ಕೆಲಸ. ಆದರೆ ಕುರ್ಚಿ ಕೊಟ್ಟವರನ್ನು ಯಾರು ಕೇಳಬೇಕು?

ಇನ್ನೊಂದು ಮಾತು. ಪ್ರಾಧಿಕಾರದ ಸಭೆಯಲ್ಲಿ ಶಾಸಕರೂ ಸದಸ್ಯರು, ಎಲ್ಲ ಪಕ್ಷದೋರೂ. ಊರಿಗೆ ಬಂದು ಮೈಕು ಹಿಡಿದಾಗ ಒಬ್ಬರ ಮೇಲೊಬ್ಬರು ಎಗರುವವರು, ಆ ಸಭೆಯಲ್ಲಿ ಎಷ್ಟು ಬಾಯಿ ಬಿಟ್ಟರು? ನಡವಳಿ ಪುಸ್ತಕ ತೆಗೆದರೆ ಗೊತ್ತಾದೀತು.

50:50 ಲೆಕ್ಕ 2023ರಲ್ಲೇ ನಿಂತಿತು. ಮುಡಾ ಹೋಗಿ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಅಂತ ಬೋರ್ಡೂ ಬದಲಾಯ್ತು. ಬೋರ್ಡಿನ ಕೆಳಗೇ ಒಂದು ಪಟ್ಟಿ ಅಂಟಿಸಲಿ: ಹೋದ ನೆಲ ಎಲ್ಲಿ, ಕೊಟ್ಟ ಸೈಟು ಎಲ್ಲಿ, ಸಹಿ ಯಾರದ್ದು.